ವಿಡಿಯೋ ಎಲ್ಲಿಂದ ಶುರುವಾಗುತ್ತೆ?

1/9

ಮೊದಲೇ ಹೇಳಿಬಿಡ್ತೀನಿ, ಇದು ಉದ್ದ ಇದೆ. ಒಂದು ಕ್ಯಾಪ್ಶನ್‌ಗೆ ಹಿಡಿಯಲ್ಲ, ಅದಕ್ಕೇ ಒಂಬತ್ತು ಪೋಸ್ಟ್ ಮಾಡಿದ್ದೀನಿ. ಟೈಮಿಲ್ಲ ಅನ್ನೋರು ಕೊನೇದನ್ನ ಮಾತ್ರ ಓದಿ. ಆದ್ರೆ ನಮ್ಮ ಕ್ಲಾಸಿನವರು ದಯವಿಟ್ಟು ಮೊದಲಿಂದ ಓದಿ. ಯಾಕಂದ್ರೆ ನಿಮ್ಮಲ್ಲಿ ಸುಮಾರು ಜನ ಆ ರೀಲ್‌ಗೆ ಲೈಕ್ ಒತ್ತಿದ್ದೀರಿ.

ಯಾವ ರೀಲ್ ಅಂತ ನೆನಪಿದೆಯಾ? ಹಾಸನಾಂಬೆ ಬಾಗಿಲು ತೆಗೆದಿದ್ದ ವಾರ ನಾನು ಹಾಕಿದ್ದು. ಹದಿನಾಲ್ಕು ಸೆಕೆಂಡಿನದು. ಚನ್ನರಾಯಪಟ್ಟಣದ ಟೆನಿಸ್ ಬಾಲ್ ಟೂರ್ನಮೆಂಟ್ ಫೈನಲ್. ನಮ್ಮ ಬೌಲರ್ ಓಡಿ ಬರ್ತಾನೆ, ಬಾಲ್ ಹಾಕ್ತಾನೆ, ಬ್ಯಾಟಿನ ಅಂಚಿಗೆ ತಾಗಿ ಥರ್ಡ್ ಮ್ಯಾನ್ ಕಡೆ ಫೋರ್ ಹೋಗುತ್ತೆ, ಎದುರು ಟೀಮಿನವರು ಬ್ಯಾಟ್ ಎತ್ಕೊಂಡು ಓಡಿ ಬರ್ತಾರೆ. ಕೊನೇಗೆ ನಮ್ಮ ಹುಡುಗ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರೋದು. ಅದರ ಮೇಲೆ ನಾನು ಬರೆದಿದ್ದೆ: 'ಕೊನೆ ಓವರ್‌ನಲ್ಲಿ 9 ರನ್ ಉಳಿಸೋಕಾಗದ ಎಕ್ಸ್‌ಪ್ರೆಸ್.' ಪಕ್ಕದಲ್ಲಿ ಎರಡು ನಗೋ ಎಮೋಜಿ.

ನನ್ನ ಪೇಜಲ್ಲಿ ಅಲ್ಲಿವರೆಗೆ ಯಾವ ವಿಡಿಯೋನೂ ಅಷ್ಟು ಓಡಿರಲಿಲ್ಲ. ಅವನ ಕ್ಲಾಸಿನವರು ಅವನನ್ನೇ ಟ್ಯಾಗ್ ಮಾಡಿದ್ರು. 'ಎಕ್ಸ್‌ಪ್ರೆಸ್ ರದ್ದಾಗಿದೆ, ಪ್ರಯಾಣಿಕರು ಸಹಕರಿಸಬೇಕು' ಅಂತ ಯಾರೋ ಬರೆದ್ರು. ನಾನೂ ನಕ್ಕು ಅದನ್ನ ಪಿನ್ ಮಾಡಿದೆ.

ಅವತ್ತು ರಾತ್ರಿ ನಮ್ಮ ಟೀಮ್ ಗ್ರೂಪಿಂದ ಅವನು ಹೊರಗೆ ಹೋದ. ಬೈಗುಳ ಇಲ್ಲ, ವಾಯ್ಸ್ ನೋಟ್ ಇಲ್ಲ. ಹೋದ, ಅಷ್ಟೇ. ಆಮೇಲೆ ಮೂರು ವಾರ ಬಾಲ್ ಮುಟ್ಟಲಿಲ್ಲ.

ಈ ಒಂಬತ್ತು ಪೋಸ್ಟ್ ಆ ಹದಿನಾಲ್ಕು ಸೆಕೆಂಡಿನ ಬಗ್ಗೆ. ನಡುವೆ ಕ್ರಿಕೆಟ್ ಇತಿಹಾಸ ಸ್ವಲ್ಪ ಬರುತ್ತೆ, ಬೇಜಾರು ಮಾಡ್ಕೋಬೇಡಿ. ಅದಿಲ್ಲದೆ ನನ್ನ ತಪ್ಪು ಎಷ್ಟು ದೊಡ್ಡದು ಅಂತ ನನಗೇ ಅರ್ಥ ಆಗಿರಲಿಲ್ಲ.

2/9

ಹಾಸ್ಟೆಲಲ್ಲಿ ನಮಗೆಲ್ಲ ಸ್ವಂತ ಹೆಸರು ಇರಲ್ಲ, ಊರ ಹೆಸರೇ ಹೆಸರು. ಇದು ನಿಮಗೂ ಗೊತ್ತು. ನಾನು 'ಹೊಳೇನರಸೀಪುರ', ಅವಸರಕ್ಕೆ 'ಹೊಳೆ'. ಕ್ಯಾಪ್ಟನ್ 'ಹಾಸನ', ಅವನ ಮನೆ ಇಲ್ಲೇ. ಸ್ಕೋರ್ ಬರೆಯೋನು 'ಚನ್ರಾಯಪಟ್ಣ'. ನೀಲಿ ರಟ್ಟಿನ ನೋಟ್‌ಬುಕ್ಕಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿ ಬರೀತಾನೆ, ಎಷ್ಟು ಹೇಳಿದ್ರೂ ಆ್ಯಪ್ ಇಟ್ಕೊಳ್ಳಲ್ಲ. ಮತ್ತೆ ನಮ್ಮ ಬೌಲರ್ 'ಅರಕಲಗೂಡು'. ಜೋರಾಗಿ ಹಾಕ್ತಾನೆ ಅಂತ 'ಅರಕಲಗೂಡು ಎಕ್ಸ್‌ಪ್ರೆಸ್'.

ಆ ಹೆಸರಿನ ರೈಲು ಎಲ್ಲೂ ಇಲ್ಲ. ಅದೇ ಜೋಕು.

ಊರ ಹೆಸರಿಂದ ಕರೆಸಿಕೊಂಡ ಇನ್ನೊಬ್ಬ ವೇಗದ ಬೌಲರ್ ನಮ್ಮ ಜಿಲ್ಲೆಗೆ ಸೇರಿದವರಿದ್ದಾರೆ, ಗೊತ್ತಲ್ವಾ? ಜಾವಗಲ್ ಶ್ರೀನಾಥ್. ಹುಟ್ಟಿದ್ದು ಮೈಸೂರಲ್ಲಿ, 1969ರಲ್ಲಿ. ಆದ್ರೆ ಹೆಸರಿನ ಮುಂದೆ ಇರೋದು ಅರಸೀಕೆರೆ ತಾಲೂಕಿನ ಜಾವಗಲ್. ಹಳೇಬೀಡಿಂದ ಮುಂದೆ ಹೋದ್ರೆ ಸಿಗುತ್ತೆ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರೋ ಊರು. ಬೇರೆ ದೇಶದ ಕಾಮೆಂಟೇಟರ್‌ಗಳು 'ಜಾವಗಲ್, ಜಾವಗಲ್' ಅಂತಿದ್ದಿದ್ದು ನಮ್ಮ ಜಿಲ್ಲೆಯ ಒಂದು ಊರಿನ ಹೆಸರನ್ನ. ಅವರಿಗೆ ಅದು ಗೊತ್ತಿತ್ತೋ ಇಲ್ವೋ.

ನಮ್ಮ ಮಾವ ಹಳೇಬೀಡು ಕಡೆಯವರು. ಶ್ರೀನಾಥ್ ಅಂದ್ರೆ ಪ್ರಾಣ. ಆ ರೀಲ್ ಅವರ ಕಣ್ಣಿಗೂ ಬಿತ್ತು. ಫೋನ್ ಮಾಡಿ ಬೈತಾರೆ ಅಂದ್ಕೊಂಡೆ, ಬೈಲಿಲ್ಲ. ಒಂದೇ ಮಾತು ಕೇಳಿದ್ರು.

"ಅದಕ್ಕೆ ಮುಂಚಿನ ಬಾಲ್‌ಗಳು ಎಲ್ಲೋ?"

ನಾನು ಏನೋ ಹೇಳಿ ಜಾರಿಕೊಂಡೆ. ಅವರು, "ಪುರುಸೊತ್ತಾದಾಗ 1999ರ ಜನವರಿ, ಫೆಬ್ರವರಿದು ತೆಗೆದು ನೋಡು. ಪಾಕಿಸ್ತಾನದ ಮೇಲಿನ ಮೂರು ಟೆಸ್ಟು" ಅಂತ ಹೇಳಿ ಫೋನ್ ಇಟ್ರು.

ನಾನು ಹುಟ್ಟೋದಕ್ಕೂ ಮುಂಚಿನ ಮ್ಯಾಚುಗಳು. ಹಾಸ್ಟೆಲ್ ವೈಫೈಯಲ್ಲಿ ಮೂರು ರಾತ್ರಿ ಕೂತು ಹೈಲೈಟ್ಸ್, ಸ್ಕೋರ್‌ಕಾರ್ಡ್ ಎರಡನ್ನೂ ನೋಡಿದೆ. ಏನು ಸಿಕ್ತು ಅಂತ ಮುಂದಿನ ಪೋಸ್ಟಿಂದ ಹೇಳ್ತೀನಿ.

3/9

ಮೊದಲನೇದು ಚೆನ್ನೈ, 1999ರ ಜನವರಿ ಕೊನೆ.

ಗೆಲ್ಲೋಕೆ 271 ಬೇಕು. ಸಚಿನ್ 136 ಹೊಡೆದ್ರು, ಅದೂ ಬೆನ್ನು ನೋವಲ್ಲಿ. ಅವರು ಔಟಾದಾಗ ಸ್ಕೋರು 254. ಇನ್ನು 17 ಸಾಕು, ಕೈಯಲ್ಲಿ ಮೂರು ವಿಕೆಟ್. ಆ ಮೂರೂ ನಾಲ್ಕು ರನ್ನಿನೊಳಗೆ ಬಿದ್ದವು. 258ಕ್ಕೆ ಆಲೌಟ್, ಸೋಲು 12 ರನ್ನಿಂದ.

ಆಮೇಲೆ ಎಷ್ಟು ವರ್ಷ ಜನ ಏನಂದ್ರು ಗೊತ್ತಾ? 'ಸಚಿನ್ ಆಡ್ತಾರೆ, ಆದ್ರೆ ಮ್ಯಾಚ್ ಮುಗಿಸಲ್ಲ.' ಈಗಲೂ ಯಾವುದಾದ್ರೂ ಕ್ರಿಕೆಟ್ ಪೇಜಲ್ಲಿ ಈ ಜಗಳ ನಡೀತಾನೇ ಇರುತ್ತೆ.

ಆ 17 ರನ್ ಯಾರು ಹೊಡೀಬೇಕಿತ್ತು? ಹೆಸರು ನೋಡಿ ನನಗೆ ನಗೂನೂ ಬಂತು, ನಾಚಿಕೆಯೂ ಆಯ್ತು. ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್. ನಾಲ್ಕೂ ಜನ ಕರ್ನಾಟಕದವರು! ಕೊನೇ ವಿಕೆಟ್ ನಮ್ಮ ಜಾವಗಲ್ ಅವರದ್ದೇ, ಸಕ್ಲೇನ್ ಮುಷ್ತಾಕ್ ಬೌಲ್ಡ್ ಮಾಡಿದ್ರು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಮ್ಯಾಚ್ ಇಡಿ. 1996ರ ಅಕ್ಟೋಬರ್ 21, ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ, ಟೈಟನ್ ಕಪ್, ಆಸ್ಟ್ರೇಲಿಯಾ ಎದುರು. ಗುರಿ 216. ಅಲ್ಲೂ ಸಚಿನ್ 88 ಹೊಡೆದು ಔಟಾದ್ರು, ಅಲ್ಲೂ ಮ್ಯಾಚ್ ಮುಗಿಸಲಿಲ್ಲ. ಸ್ಕೋರು 164ಕ್ಕೆ 8. ಇನ್ನೂ 52 ಬೇಕು. ಕ್ರೀಸಿನಲ್ಲಿ ಯಾರು? ಅದೇ ಕುಂಬ್ಳೆ, ಅದೇ ಶ್ರೀನಾಥ್. ಇಬ್ಬರೂ ಔಟಾಗದೆ ಆ 52ನ್ನೂ ಹೊಡೆದು ಗೆಲ್ಲಿಸಿದ್ರು. ಶ್ರೀನಾಥ್ 30, ಕುಂಬ್ಳೆ 16. ನಮ್ಮ ಮಾವ ಅವತ್ತು ಸಚಿನ್ ಔಟಾದ ತಕ್ಷಣ ಟಿವಿ ಆಫ್ ಮಾಡಿ ಹಾಲು ಕರೆಯೋಕೆ ಹೋಗಿದ್ರಂತೆ. ಇವತ್ತಿಗೂ ಅದನ್ನ ನೆನೆಸಿಕೊಂಡು ಕೈ ಹಿಸುಕಿಕೊಳ್ತಾರೆ.

ಈಗ ನೀವೇ ಹೇಳಿ. ಎರಡೂ ಸಲ ಸಚಿನ್ ತಮ್ಮ ಕೆಲಸ ಮಾಡಿ ಅರ್ಧದಲ್ಲಿ ಹೋದ್ರು. ಒಂದು ಸಲ ಹಿಂದೆ ಬಂದವರು ಹೊತ್ತುಕೊಂಡು ದಡ ಸೇರಿಸಿದ್ರು, ಇನ್ನೊಂದು ಸಲ ಅವರಿಂದಲೇ ಆಗಲಿಲ್ಲ. ಚೆನ್ನೈನಲ್ಲಿ ಅವರು ಹೊಡೆದದ್ದು ಇನ್ನೂ ಜಾಸ್ತಿ. ಆದ್ರೆ 'ಮುಗಿಸಲ್ಲ' ಅನ್ನೋ ಹಣೆಪಟ್ಟಿ ಅಂಟಿದ್ದು ಚೆನ್ನೈನಿಂದ.

4/9

ಎರಡನೇದು ದೆಹಲಿ, ಅದೇ ವರ್ಷ ಫೆಬ್ರವರಿ 4ರಿಂದ 7. ಇದು ಎಲ್ಲರಿಗೂ ಗೊತ್ತು. ಕುಂಬ್ಳೆ ಒಂದೇ ಇನ್ನಿಂಗ್ಸಲ್ಲಿ ಹತ್ತಕ್ಕೆ ಹತ್ತು ವಿಕೆಟ್ ತೆಗೆದ ಮ್ಯಾಚು. 26.3 ಓವರ್, 74 ರನ್, 10 ವಿಕೆಟ್. ಕ್ವಿಜ್‌ನಲ್ಲಿ ಬಂದ್ರೆ ನಿದ್ದೆಯಲ್ಲೂ ಹೇಳ್ತೀವಿ.

ಒಬ್ಬನೇ ಹತ್ತು ವಿಕೆಟ್ ಅಂದ್ರೆ, ಪ್ರಪಂಚದಲ್ಲಿ ಇದಕ್ಕಿಂತ ಒಬ್ಬಂಟಿ ಸಾಧನೆ ಇರುತ್ತಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಸ್ಕೋರ್‌ಕಾರ್ಡ್ ಬಿಡಿಸಿ ನೋಡಿ. ಎಲ್‌ಬಿಡಬ್ಲ್ಯೂ ಮೂರು, ಬೌಲ್ಡ್ ಎರಡು. ಉಳಿದ ಐದು ಕ್ಯಾಚುಗಳು. ಹಿಡಿದವರು ಮೋಂಗಿಯಾ, ಗಂಗೂಲಿ, ದ್ರಾವಿಡ್, ಮತ್ತೆ ಎರಡು ಸಲ ಲಕ್ಷ್ಮಣ್. ಈ ಐದರಲ್ಲಿ ಒಂದೇ ಒಂದು ಕೈಜಾರಿ, ಆ ಬ್ಯಾಟ್ಸ್‌ಮನ್ ಆಮೇಲೆ ಇನ್ಯಾರದೋ ಬೌಲಿಂಗಲ್ಲಿ ಔಟಾಗಿದ್ರೆ? ಹತ್ತು ಇರ್ತಿರಲಿಲ್ಲ, ಒಂಬತ್ತಾಗ್ತಿತ್ತು. ಕುಂಬ್ಳೆ ಹಾಕಿದ ಬಾಲ್ ಅದೇ ಇರ್ತಿತ್ತು, ಬೆವರೂ ಅಷ್ಟೇ ಇರ್ತಿತ್ತು. ಆದ್ರೆ ಇವತ್ತು ಕ್ವಿಜ್‌ನಲ್ಲಿ ಆ ಪ್ರಶ್ನೆ ಇರ್ತಿರಲಿಲ್ಲ.

ಇನ್ನೊಂದಿದೆ. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಒಂದು ಓವರ್ ಹಾಕಬೇಕಾಗಿ ಬಂದಿದ್ದು ಶ್ರೀನಾಥ್ ಅವರು. ವೇಗದ ಬೌಲರ್ ಆದವನು ವಿಕೆಟ್ ತೆಗೆಯೋಕೇ ಬದುಕೋದು. ಆದ್ರೆ ಆ ಓವರಲ್ಲಿ ಅವರು ಬೇಕಂತಲೇ ಬಾಲನ್ನ ಸ್ಟಂಪಿನಿಂದ ದೂರ ದೂರ ಹಾಕಿದ್ರು. ಹತ್ತನೇದು ತನಗೆ ಬೀಳಬಾರದು, ಕುಂಬ್ಳೆಗೇ ಸಿಗಬೇಕು ಅಂತ. ಮುಂದಿನ ಓವರಲ್ಲಿ ವಾಸಿಂ ಅಕ್ರಂ ಔಟು, ಕ್ಯಾಚ್ ಲಕ್ಷ್ಮಣ್.

ಅವತ್ತಿನ ಸ್ಕೋರ್‌ಕಾರ್ಡಲ್ಲಿ ಶ್ರೀನಾಥ್ ಹೆಸರಿನ ಮುಂದೆ ವಿಕೆಟ್ ಸೊನ್ನೆ. ಆ ಸೊನ್ನೆಯಲ್ಲಿ ಏನೇನಿದೆ ಅಂತ ಸ್ಕೋರ್‌ಕಾರ್ಡ್ ಹೇಳಲ್ಲ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸೋತಾಗ ಮಾತ್ರ 'ಟೀಮ್ ಸರಿ ಇರಲಿಲ್ಲ' ಅನ್ನೋದು ಸುಲಭ. ಗೆದ್ದಾಗ್ಲೂ ಅದೇ ಲೆಕ್ಕ ಹಾಕಬೇಕು. ಅಲ್ಲಿ ನಾವು ಲೆಕ್ಕದ ಪುಸ್ತಕ ಮುಚ್ಚಿಬಿಡ್ತೀವಿ.

5/9

ಮೂರನೇದು ಕೋಲ್ಕತ್ತಾ, ಈಡನ್ ಗಾರ್ಡನ್ಸ್, ಫೆಬ್ರವರಿ 16ರಿಂದ 20. ಮಾವ ನನಗೆ ನೋಡಿಸಬೇಕು ಅಂತಿದ್ದಿದ್ದು ಇದನ್ನೇ.

ಮೊದಲ ದಿನ ಪಾಕಿಸ್ತಾನ 26 ರನ್ನಿಗೆ 6 ವಿಕೆಟ್. ಓದೋಕೆ ತಪ್ಪಾಗಿದೆಯೇನೋ ಅಂತ ಎರಡು ಸಲ ನೋಡಿದೆ. ಹೇಗೋ 185ಕ್ಕೆ ಎಳೆದ್ರು. ಶ್ರೀನಾಥ್ 46 ರನ್ನಿಗೆ 5. ನಾವು 223. ಎರಡನೇ ಇನ್ನಿಂಗ್ಸಲ್ಲಿ ಸಯೀದ್ ಅನ್ವರ್ ಔಟೇ ಆಗದೆ 188 ಹೊಡೆದ್ರು, ಪಾಕಿಸ್ತಾನ 316. ಅದರಲ್ಲಿ ಶ್ರೀನಾಥ್ 86 ರನ್ನಿಗೆ 8 ವಿಕೆಟ್.

ಒಟ್ಟು 132 ರನ್ನಿಗೆ 13. ಎದುರು ಟೀಮಿನ ಇಪ್ಪತ್ತು ವಿಕೆಟಲ್ಲಿ ಹದಿಮೂರು ಒಬ್ಬರದ್ದೇ.

ನಮಗೆ ಗುರಿ 279. ನಾವು ಹೊಡೆದಿದ್ದು 232. ಸಚಿನ್ ರನೌಟಿನ ಗಲಾಟೆ, ಜನ ರೊಚ್ಚಿಗೆದ್ದಿದ್ದು, ಕೊನೆಗೆ ಸ್ಟೇಡಿಯಂ ಖಾಲಿ ಮಾಡಿಸಿ ಆಟ ಮುಗಿಸಿದ್ದು, ಇದೆಲ್ಲ ಆದದ್ದು ಈ ಮ್ಯಾಚಲ್ಲೇ. ಸೋಲು 46 ರನ್ನಿಂದ. ಈ ಮ್ಯಾಚ್ ಅಂದ್ರೆ ಜನಕ್ಕೆ ನೆನಪಾಗೋದು ಆ ರನೌಟು, ಆ ಗಲಾಟೆ. ಹದಿಮೂರು ವಿಕೆಟ್ ಯಾರಿಗೂ ನೆನಪಿಲ್ಲ.

ಇದರ ಪಕ್ಕದಲ್ಲಿ 1996ರ ನವೆಂಬರ್, ಅಹಮದಾಬಾದ್ ಇಡಿ. ದಕ್ಷಿಣ ಆಫ್ರಿಕಾಗೆ ಬರೀ 170 ಬೇಕಿತ್ತು. 105ಕ್ಕೆ ಆಲೌಟ್. ಶ್ರೀನಾಥ್ 21 ರನ್ನಿಗೆ 6. ನಾವು 64 ರನ್ನಿಂದ ಗೆದ್ವಿ. ಅದು 'ಶ್ರೀನಾಥ್ ಗೆಲ್ಲಿಸಿದ ಮ್ಯಾಚು'. ಸರಿ, ಒಪ್ಪಿದೆ. ಆದ್ರೆ ಆ 170 ಅನ್ನೋ ಗುರಿ ಇದ್ದಿದ್ದಾದ್ರೂ ಹೇಗೆ? ಮೊದಲ ಟೆಸ್ಟ್ ಆಡ್ತಿದ್ದ ಹೈದರಾಬಾದಿನ ಹುಡುಗ ಒಬ್ಬ ಎರಡನೇ ಇನ್ನಿಂಗ್ಸಲ್ಲಿ 51 ಹೊಡೆದಿದ್ದ. ವಿವಿಎಸ್ ಲಕ್ಷ್ಮಣ್. ಅವನು ಸೊನ್ನೆಗೆ ಔಟಾಗಿದ್ರೆ ಶ್ರೀನಾಥ್ ಕೈಗೆ 170ರ ಬದಲು 119 ಸಿಗ್ತಿತ್ತು.

ಆರು ತೆಗೆದಾಗ ಹೀರೋ, ಹದಿಮೂರು ತೆಗೆದಾಗ ಸೋತ ಟೀಮಿನವನು. ನಡುವೆ ಬದಲಾಗಿದ್ದು ಅವರ ಕೈಯಲ್ಲಿ ಇಲ್ಲದೆ ಇದ್ದಿದ್ದು.

6/9

ಇದನ್ನ ಹೀಗೇ ಅಮೆರಿಕದಲ್ಲಿರೋ ನಮ್ಮ ಸೀನಿಯರ್ ಒಬ್ಬರಿಗೆ ಹೇಳ್ತಿದ್ದೆ. ಅವರು ನಕ್ಕು, "ಇಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಆಫೀಸಲ್ಲಿ ಇದೇ ಜಗಳ ಕಣೋ" ಅಂದ್ರು. ಅಲ್ಲಿನ ಫುಟ್‌ಬಾಲಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ದಾಳಿ ಮಾಡುವಾಗ ಬಾಲ್ ಮೊದಲು ಬರೋದು ಅವನ ಕೈಗೆ. ಯಾರಿಗೆ ಎಸೀಬೇಕು ಅಂತ ಎರಡು ಮೂರು ಸೆಕೆಂಡಲ್ಲಿ ತೀರ್ಮಾನ ಮಾಡ್ಬೇಕು. ಅಷ್ಟು ಹೊತ್ತು ಎದುರಾಳಿಗಳು ಮೈಮೇಲೆ ಬೀಳದ ಹಾಗೆ ಮುಂದೆ ಐದು ಜನ ಗೋಡೆ ಥರ ನಿಂತಿರ್ತಾರೆ. ಎಸೆದದ್ದನ್ನ ದೂರದಲ್ಲಿ ಇನ್ನೊಬ್ಬ ಹಿಡೀಬೇಕು. ಆದ್ರೆ ಗೆಲುವು ಸೋಲು ಬರೆಯೋದು ಮಾತ್ರ ಕ್ವಾರ್ಟರ್‌ಬ್ಯಾಕ್ ಹೆಸರಲ್ಲಿ.

ಡ್ಯಾನ್ ಮರೀನೋ ಅಂತ ಒಬ್ಬ ಇದ್ನಂತೆ. 1983ರಿಂದ 17 ಸೀಸನ್ ಮಯಾಮಿಗೆ ಆಡಿದ. 1984ರಲ್ಲಿ ಒಂದೇ ಸೀಸನ್ನಲ್ಲಿ 5,000 ಯಾರ್ಡ್ ದಾಟಿ ಎಸೆದ, ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ. ಸೂಪರ್ ಬೌಲ್ ಫೈನಲ್ ಆಡಿದ್ದು ಜೀವನದಲ್ಲಿ ಒಂದೇ ಸಲ, ಅದೂ ಸೋಲು. ಕಪ್ ಇಲ್ಲದೇ ಮನೆಗೆ ಹೋದ. ಟ್ರೆಂಟ್ ಡಿಲ್ಫರ್ ಅಂತ ಇನ್ನೊಬ್ಬ. ಮರೀನೋ ಪಕ್ಕ ನಿಲ್ಲಿಸೋ ಆಟಗಾರ ಅಂತ ಯಾರೂ ಹೇಳಲ್ಲ. ಆದ್ರೆ 2001ರ ಜನವರಿಯಲ್ಲಿ ಬಾಲ್ಟಿಮೋರ್ ಟೀಮಿನ ಜೊತೆ ಕಪ್ ಎತ್ತಿದ. ಆ ಟೀಮಿನ ಡಿಫೆನ್ಸ್ ಹೇಗಿತ್ತು ಅಂದ್ರೆ, 16 ಮ್ಯಾಚಲ್ಲಿ ಬಿಟ್ಟುಕೊಟ್ಟಿದ್ದು ಒಟ್ಟು 165 ಪಾಯಿಂಟ್, ಅವಾಗಿಗೆ ಅದು ದಾಖಲೆ. ಇನ್ನೂ ತಮಾಷೆ ಕೇಳಿ, ಕಪ್ ಗೆದ್ದ ಮೇಲೆ ಆ ಟೀಮು ಡಿಲ್ಫರ್‌ನ ಮುಂದಿನ ಸೀಸನ್‌ಗೆ ಉಳಿಸ್ಕೊಳ್ಳಲೇ ಇಲ್ಲ. ಕಪ್ ಯಾರಿಂದ ಬಂತು ಅಂತ ಒಳಗಿನವರಿಗೆ ಗೊತ್ತಿತ್ತು.

'ಎಷ್ಟು ಕಪ್ ಗೆದ್ದಿದ್ದಾನೆ?' ಅನ್ನೋದು ಒಂದೇ ಅಳತೆ ಆದ್ರೆ ಡಿಲ್ಫರ್ ಮರೀನೋಗಿಂತ ದೊಡ್ಡೋನು. ಅವರಿಬ್ಬರ ಆಟ ನೋಡಿದ ಯಾರೂ ಇದನ್ನ ಒಪ್ಪಲ್ಲ ಅಂದ್ರು ಸೀನಿಯರ್.

ಊರು ಬೇರೆ, ಬಾಲಿನ ಆಕಾರ ಬೇರೆ. ರೋಗ ಮಾತ್ರ ಒಂದೇ.

7/9

ನಿಮ್ಮಲ್ಲಿ ಕೆಲವರು ಈಗ ಕೇಳ್ತೀರಿ: ಹಾಗಾದ್ರೆ ಒಬ್ಬನ ಆಟಕ್ಕೆ ಬೆಲೆನೇ ಇಲ್ವಾ? ಎಲ್ಲಾ ಟೀಮ್ ಮೇಲೆ ಹಾಕಿಬಿಟ್ರೆ ಕೆಟ್ಟದಾಗಿ ಆಡಿದೋನೂ ಬಚಾವಾಗ್ತಾನಲ್ಲ?

ಸರಿಯಾದ ಪ್ರಶ್ನೆ. ಅದೂ ಮೋಸನೇ. 2003ರ ವಿಶ್ವಕಪ್ ಫೈನಲ್ಲಲ್ಲಿ ಶ್ರೀನಾಥ್ 10 ಓವರಿಗೆ 87 ಕೊಟ್ರು, ವಿಕೆಟ್ ಇಲ್ಲ. ಅದು ಅವರ ಕೊನೇ ಏಕದಿನ ಮ್ಯಾಚ್. ಮಾವನೂ ಅದಕ್ಕೆ ನೆಪ ಹುಡುಕಲ್ಲ. "ಅವತ್ತು ಚೆನ್ನಾಗಿ ಹಾಕಲಿಲ್ಲ, ಅಷ್ಟೇ" ಅಂತಾರೆ. ಹಾಗಂತ 67 ಟೆಸ್ಟಲ್ಲಿ 236 ವಿಕೆಟ್, ಏಕದಿನದಲ್ಲಿ 315 ವಿಕೆಟ್ ಎಲ್ಲೂ ಓಡಿಹೋಗಲ್ಲ. ಭಾರತದ ವೇಗದ ಬೌಲರುಗಳಲ್ಲಿ ಏಕದಿನದಲ್ಲಿ 300 ದಾಟಿದವರು ಇವತ್ತಿಗೂ ಅವರೊಬ್ಬರೇ. ಆ ಸಂಖ್ಯೆ ಹಿಂದೆ ಇನ್ನೊಂದು ಕಥೆ ಇದೆ: 1991ರಲ್ಲಿ ಬ್ರಿಸ್ಬೇನಲ್ಲಿ ಮೊದಲ ಟೆಸ್ಟ್ ಆಡಿದ ಅವರಿಗೆ ಸ್ವದೇಶದಲ್ಲಿ ಟೆಸ್ಟ್ ಆಡೋಕೆ ಮೂರು ವರ್ಷ ಕಾಯಬೇಕಾಯ್ತು. ಇಲ್ಲಿ ಪಿಚ್ ಸ್ಪಿನ್ನರುಗಳದ್ದು, ವೇಗಿಯ ಜಾಗದಲ್ಲಿ ಕಪಿಲ್ ದೇವ್ ಇದ್ರು. ಆಡದ ಮ್ಯಾಚಲ್ಲಿ ವಿಕೆಟ್ ಹೇಗೆ ಬರುತ್ತೆ?

ಹಾಗಾಗಿ ನಾನೀಗ ಯಾರ ಬಗ್ಗೆಯಾದ್ರೂ ಬರೆಯೋಕೆ ಮುಂಚೆ ಮೂರು ಖಾನೆ ಹಾಕ್ತೀನಿ.

ಒಂದು, ಅವನ ಕೈಗೆ ಏನು ಸಿಕ್ತು? ಗುರಿ ಎಷ್ಟು, ಪಿಚ್ ಹೇಗೆ, ಅವಕಾಶ ಎಷ್ಟು.
ಎರಡು, ಸಿಕ್ಕಿದ್ದರಲ್ಲಿ ಅವನು ಏನು ಮಾಡ್ದ? ಇಲ್ಲಿ ನೆಪ ಇಲ್ಲ, ಒಳ್ಳೇದೋ ಕೆಟ್ಟದ್ದೋ ಅವನದ್ದೇ.
ಮೂರು, ಅವನ ಕೈ ಬಿಟ್ಟ ಮೇಲೆ ಏನಾಯ್ತು? ಕ್ಯಾಚ್ ಹಿಡಿದ್ರಾ, ಹಿಂದೆ ಬಂದವರು ನಿಂತ್ರಾ.

ಫಲಿತಾಂಶ ಅನ್ನೋದು ಈ ಮೂರರ ಮೊತ್ತ. ನಾವು ಮೊತ್ತವನ್ನ ನೋಡಿ ಪೂರ್ತಿ ಎರಡನೇ ಖಾನೆಗೆ ಬರೆದುಬಿಡ್ತೀವಿ. ಗೆದ್ರೆ ದೇವರು, ಸೋತ್ರೆ ಜೋಕರ್.

ಕ್ರಿಕೆಟಲ್ಲಿ ಮಾತ್ರ ಅಲ್ಲ, ಕ್ಲಾಸಲ್ಲೂ ಅಷ್ಟೇ. ಗ್ರೂಪ್ ಪ್ರಾಜೆಕ್ಟಲ್ಲಿ ಕೊನೇಗೆ ನಿಂತು ಮಾತಾಡಿದವನಿಗೇ ಮಾರ್ಕ್ಸು, ಕೋಡ್ ಓಡದೇ ಇದ್ರೆ ಅವನಿಗೇ ಬೈಗುಳ. ಹಿಂದೆ ಯಾರು ರಾತ್ರಿಯೆಲ್ಲ ಕೂತಿದ್ರು, ಯಾರು ಕೂರಲಿಲ್ಲ ಅಂತ ಯಾರು ಬರ್ಕೊಂಡಿರ್ತಾರೆ?

8/9

ಈಗ ನಮ್ಮ ಫೈನಲ್‌ಗೆ ಬರ್ತೀನಿ. ಚನ್ರಾಯಪಟ್ಣದ ನೀಲಿ ನೋಟ್‌ಬುಕ್ ಕೇಳಿ ಇಸ್ಕೊಂಡೆ. ಕೊಡುವಾಗ ಅವನು ಏನೂ ಹೇಳಲಿಲ್ಲ, ಮುಖ ನೋಡಿದ ಅಷ್ಟೇ. ಅದರಲ್ಲಿರೋದು, ನನಗೆ ನೆನಪಿರೋದು ಎರಡನ್ನೂ ಸೇರಿಸಿ ಮೂರು ಖಾನೆ ತುಂಬಿಸ್ತೀನಿ.

ಅವನ ಕೈಗೆ ಸಿಕ್ಕಿದ್ದು: ಎಂಟು ಓವರಲ್ಲಿ ನಾವು ಹೊಡೆದ 61 ರನ್. ಅದರಲ್ಲಿ ನನ್ನದು ಹನ್ನೊಂದು ಬಾಲಿಗೆ 6. ಹೌದು, ಆರು.

ಅವನು ಮಾಡಿದ್ದು: ಮೊದಲನೇ ಓವರಲ್ಲಿ 4 ರನ್, 2 ವಿಕೆಟ್. ಕೊನೇ ಓವರಿಗೆ ಅವರಿಗೆ 9 ಬೇಕಿತ್ತು. ಬಾಲ್ ಬಾಲ್ ಹೇಳ್ತೀನಿ.

ಒಂದನೇದು ಡಾಟ್.
ಎರಡನೇದು ನಿಧಾನಕ್ಕೆ ಹಾಕ್ದ, ಬ್ಯಾಟ್ಸ್‌ಮನ್ ಮೋಸಹೋಗಿ ಮೇಲಕ್ಕೆ ಎತ್ತಿದ. ಲಾಂಗ್ ಆನ್‌ನಲ್ಲಿ ಲಡ್ಡು ಕ್ಯಾಚ್. ಕೈಗೆ ಬಂದು, ಜಾರಿ, ಗೆರೆ ಆಚೆ ಹೋಯ್ತು. ಫೋರ್.
ಮೂರನೇದು ಬೌಲ್ಡ್. ಸ್ಟಂಪ್ ಹಾರಿ ಹೋಯ್ತು.
ನಾಲ್ಕನೇದಕ್ಕೆ ಒಂದು ರನ್. ಹಾಸನ ಎಸೆದ ಥ್ರೋ ಕೀಪರ್ ತಲೆ ಮೇಲೆ ಹೋಗಿ ಇನ್ನೊಂದು.
ಐದನೇದು ಅಂಚಿಗೆ ತಾಗಿತು. ಥರ್ಡ್ ಮ್ಯಾನಲ್ಲಿ ಯಾರೂ ಇರಲಿಲ್ಲ. ಅಲ್ಲಿದ್ದವನನ್ನ ಆ ಬಾಲಿಗೆ ಮುಂಚೆ ತಾನೇ ಮುಂದಕ್ಕೆ ಕರೆದಿದ್ವಿ, ಐಡಿಯಾ ಕೊಟ್ಟಿದ್ದು ನಾನು. ಫೋರ್. ಮ್ಯಾಚ್ ಮುಗೀತು.

ನೋಟ್‌ಬುಕ್ಕಲ್ಲಿ ಬರೆದಿರೋದು: ಕೊನೆ ಓವರ್, 5 ಬಾಲ್, 10 ರನ್, 1 ವಿಕೆಟ್. ಅವನು ತಪ್ಪಾಗಿ ಹಾಕಿದ ಬಾಲು ಅಂತ ಹುಡುಕಿದೆ, ನನಗೆ ಸಿಗಲಿಲ್ಲ. ಬಿಟ್ಟ ಕ್ಯಾಚಿಗೆ ಆ ಪುಸ್ತಕದಲ್ಲಿ ಖಾನೆನೇ ಇಲ್ಲ. ಬಿಟ್ಟವನ ಹೆಸರಿಗೂ ಇಲ್ಲ.

ಲಾಂಗ್ ಆನ್‌ನಲ್ಲಿ ಇದ್ದಿದ್ದು ನಾನು.

ನಿಮಗೆ ಯಾರಿಗೂ ಅದು ಗೊತ್ತಾಗಲಿಲ್ಲ. ಯಾಕಂದ್ರೆ ಆ ಓವರ್ ಪೂರ್ತಿ ಚನ್ರಾಯಪಟ್ಣನ ತಮ್ಮ ಫೋನಲ್ಲಿ ಹಿಡಿದಿದ್ದ, ನಾಲ್ಕು ನಿಮಿಷದ ವಿಡಿಯೋ. ವಾಪಸ್ ಬರುವಾಗ ಬಸ್ಸಲ್ಲಿ ನಾನು ಅದನ್ನ ಇಸ್ಕೊಂಡು, ಶಾಂತಿಗ್ರಾಮ ದಾಟೋಷ್ಟರಲ್ಲಿ ಐದನೇ ಬಾಲಿಂದ ಕಟ್ ಮಾಡಿ ಹಾಕಿಬಿಟ್ಟೆ. ಅರಕಲಗೂಡು ಎರಡು ಸೀಟು ಮುಂದೆ ಕಿಟಕಿಗೆ ತಲೆ ಇಟ್ಕೊಂಡು ಕೂತಿದ್ದ.

ತಮಾಷೆಗೆ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ತಮಾಷೆಗಲ್ಲ. ಯಾರಾದ್ರೂ ಎರಡನೇ ಬಾಲ್ ಬಗ್ಗೆ ಮಾತಾಡೋಕೆ ಮುಂಚೆ ಐದನೇ ಬಾಲ್ ಬಗ್ಗೆ ಮಾತಾಡೋ ಹಾಗೆ ಮಾಡ್ಬೇಕಿತ್ತು. ಮಾಡ್ದೆ.

9/9

ಹೋದ ಭಾನುವಾರ ಬೆಳಿಗ್ಗೆ ಹಾಸನದಿಂದ ಗೊರೂರು ಮೇಲೆ ಹೋಗೋ ಬಸ್ ಹತ್ತಿ ಅರಕಲಗೂಡಿಗೆ ಹೋದೆ. ಹೇಳದೇ ಹೋದೆ, ಹೇಳಿದ್ರೆ ಬೇಡ ಅಂತಾನೆ ಅಂತ. ಅವನ ಮನೆ ಊರಿಂದ ಸ್ವಲ್ಪ ಆಚೆ. ರಸ್ತೆ ಮೇಲೆ ಮುಸುಕಿನ ಜೋಳ ಹರಡಿ, ಕಾಲಲ್ಲಿ ಸಾಲು ಎಳೀತಾ ಒಣಗಿಸ್ತಿದ್ದ. ಅವರಮ್ಮ ನನ್ನ ನೋಡಿ "ಕಾಲೇಜ್ ಹುಡುಗನೇನಪ್ಪ, ಬಾ" ಅಂತ ಕರೆದು ಕಾಫಿ ಕೊಟ್ರು. ಅವರಿಗೆ ಏನೂ ಗೊತ್ತಿರಲಿಲ್ಲ. ಆ ಕಾಫಿ ಗಂಟಲಲ್ಲಿ ಇಳೀಲಿಲ್ಲ.

ನಾನು ಬಸ್ಸಲ್ಲಿ ರೆಡಿ ಮಾಡ್ಕೊಂಡಿದ್ದ ಮಾತೆಲ್ಲ ಮರೆತುಹೋಯ್ತು. "ಕ್ಯಾಚ್ ಬಿಟ್ಟಿದ್ದು ನಾನು. ಸಾರಿ" ಅಂದೆ.

ಅವನು ಜೋಳ ಎಳೀತಾನೇ ಹೇಳ್ದ: "ಕ್ಯಾಚ್ ಬಿಟ್ಟಿದ್ದಕ್ಕೆ ನಂಗೇನೂ ಇಲ್ಲ ಕಣೋ. ಎಲ್ಲರೂ ಬಿಡ್ತಾರೆ, ನಾನೂ ಬಿಟ್ಟಿದ್ದೀನಿ. ವಿಡಿಯೋ ಎಲ್ಲಿಂದ ಶುರು ಮಾಡ್ದೆ, ಅದಕ್ಕೆ."

ಇನ್ನೇನೂ ಹೇಳಲಿಲ್ಲ. ನಾನೂ ಚಪ್ಪಲಿ ಬಿಟ್ಟು ಒಂದು ಗಂಟೆ ಜೋಳ ಎಳೆದೆ. ಬರುವಾಗ ಬಸ್‌ಸ್ಟಾಪ್‌ವರೆಗೆ ಬಂದ. "ಮುಂದಿನ ಭಾನುವಾರ ಹೊಳೇನರಸೀಪುರದಲ್ಲಿ ಮ್ಯಾಚಿದೆ, ಬರ್ತೀಯಾ?" ಅಂದೆ. "ನೋಡೋಣ" ಅಂದ. ನಮ್ಮ ಕಡೆ 'ನೋಡೋಣ' ಅಂದ್ರೆ ಬರ್ತೀನಿ ಅಂತಲೂ ಆಗುತ್ತೆ, ಬರಲ್ಲ ಅಂತಲೂ ಆಗುತ್ತೆ. ನಿಮಗೆ ಗೊತ್ತಲ್ಲ.

ಆ ರೀಲ್ ತೆಗೆದಿದ್ದೀನಿ. ಆದ್ರೆ ತೆಗೆದುಬಿಟ್ರೆ ನನ್ನ ತಪ್ಪೂ ಅಳಿಸಿಹೋಗುತ್ತೆ. ಅದಕ್ಕೇ ಇಲ್ಲಿ ಸ್ವೈಪ್ ಮಾಡಿದ್ರೆ ನಾಲ್ಕು ನಿಮಿಷದ ವಿಡಿಯೋ ಪೂರ್ತಿ ಇದೆ, ಅವನನ್ನ ಕೇಳಿಯೇ ಹಾಕಿದ್ದೀನಿ. ಎರಡನೇ ಬಾಲಲ್ಲಿ ಬಲಗಡೆ ಮೂಲೇಲಿ ಬಿಳೀ ಟೋಪಿ ಹಾಕ್ಕೊಂಡಿರೋದು ನಾನೇ. ಮುಂದಿನ ಫೋಟೋ ನೀಲಿ ನೋಟ್‌ಬುಕ್ಕಿಂದು. ಚನ್ರಾಯಪಟ್ಣ ಅದರಲ್ಲಿ ಸ್ಕೇಲ್ ಇಟ್ಟು ಹೊಸದಾಗಿ ಒಂದು ಖಾನೆ ಎಳೆದಿದ್ದಾನೆ. ಮೇಲೆ 'ಬಿಟ್ಟ ಕ್ಯಾಚ್' ಅಂತ ಬರೆದು, ಕೆಳಗೆ ಮೊದಲನೇ ಹೆಸರು ನನ್ನ ಕೈಲೇ ಬರೆಸಿದ.

ನಿಮ್ಮಲ್ಲಿ ಅವನನ್ನ ಟ್ಯಾಗ್ ಮಾಡಿ ನಕ್ಕಿದ್ದವರು ಇದಕ್ಕೆ ಲೈಕ್ ಒತ್ತೋದೇನೂ ಬೇಡ. ಅವನು ಕ್ಯಾಂಟೀನಲ್ಲಿ ಸಿಕ್ಕಾಗ 'ಮೊದಲನೇ ಓವರ್ ಸಖತ್ತಾಗಿ ಹಾಕಿದ್ದೆ ಕಣೋ' ಅಂತ ಒಂದು ಮಾತು ಹೇಳಿ. ಸುಳ್ಳಲ್ಲ, ಬೇಕಿದ್ರೆ ನೋಟ್‌ಬುಕ್ ನೋಡಿ: 4 ರನ್, 2 ವಿಕೆಟ್.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಟಾಸ್. ಅವನು ಬಂದ್ರೆ ಮೊದಲನೇ ಓವರ್ ಅವನದ್ದೇ ಅಂತ ಹಾಸನ ಹೇಳಿದ್ದಾನೆ. ಲಾಂಗ್ ಆನ್‌ನಲ್ಲಿ ನಾನಿರ್ತೀನಿ.

#ಹಾಸನ #ಹೊಳೇನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಪೂರ್ತಿಓವರ್